ಶ್ರೀರಾಮಪುರದ ಮುದ್ರಣಾಲಯ ಮತ್ತು ಡಾ. ವಿಲಿಯಂ ಕೇರಿ (1761–1834)

ಭಾರತೀಯ ಭಾಷೆಗಳ ಮುದ್ರಣದ ಇತಿಹಾಸವನ್ನು ಕುರಿತು ಸಾರ್ವಜನಿಕರಿಗೆ ಮಾಹಿತಿ ಒದಗಿಸುವ ಉದ್ದೇಶದಿಂದ ಡಾ. ವಿಲಿಯಂ ಕೇರಿಯವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನಿರೂಪಿಸಲಾಗಿದೆ. ಕನ್ನಡಿಗರಿಗೆ ಇವರ ಹೆಸರು 1817ರಲ್ಲಿ ಪ್ರಕಟವಾದ ಕನ್ನಡ ವ್ಯಾಕರಣದ ಮೂಲಕ ಪರಿಚಿತವಾಗಿದೆ. ಆ ಪುಸ್ತಕಕ್ಕೆ ಐದು ವರ್ಷ ಮೊದಲು ಇವರ ಕನ್ನಡದ ಇನ್ನೊಂದು ದೊಡ್ಡ ಕೆಲಸವು ಒಂದೇ ರಾತ್ರಿಯಲ್ಲಿ ಸುಟ್ಟು ಬೂದಿಯಾಗಿತ್ತು ಎಂಬುದು ಅಷ್ಟಾಗಿ ತಿಳಿದ ವಿಷಯವಲ್ಲ.

ಕೇರಿಯವರು 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್‌ನ ಪೌಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಜನಿಸಿದರು. ಹುಡುಗನಾಗಿದ್ದಾಗಲೇ ಚಮ್ಮಾರಿಕೆ ಕಲಿಯಲು ಸೇರಿ, ಚಪ್ಪಲಿ ಹೊಲಿಯುತ್ತಲೇ ಸ್ವಪ್ರಯತ್ನದಿಂದ ಹಲವು ಭಾಷೆಗಳನ್ನು ಅಭ್ಯಾಸ ಮಾಡಿದರು. ಮುಂದೆ ಶಾಲಾ ಉಪಾಧ್ಯಾಯರೂ ಬ್ಯಾಪ್ಟಿಸ್ಟ್ ಪಂಥದ ಧರ್ಮಬೋಧಕರೂ ಆದರು. 1792ರಲ್ಲಿ ಕೆಟರಿಂಗ್ ಪಟ್ಟಣದಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಸ್ಥಾಪನೆಯಾಯಿತು. ಮರುವರ್ಷ ನವೆಂಬರಿನಲ್ಲಿ ಕೇರಿಯವರು ಕುಟುಂಬ ಸಮೇತ ಕಲ್ಕತ್ತೆಗೆ ಬಂದಿಳಿದರು.

ಮೊದಲ ವರ್ಷಗಳು ಅತ್ಯಂತ ಕಷ್ಟಕರವಾಗಿದ್ದವು. ತಂದ ಹಣ ಬೇಗನೆ ಮುಗಿಯಿತು. ಈಸ್ಟ್ ಇಂಡಿಯಾ ಕಂಪನಿಗೆ ಧರ್ಮಪ್ರಚಾರಕರು ಬೇಕಿರಲಿಲ್ಲ. ಜೀವನೋಪಾಯಕ್ಕಾಗಿ 1794ರಲ್ಲಿ ಉತ್ತರ ಬಂಗಾಳದ ಮುದ್ನಾಬಾಟಿಯ ನೀಲಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ ಸೇರಬೇಕಾಯಿತು. ಅದೇ ವರ್ಷ ಅವರ ಐದು ವರ್ಷದ ಮಗ ಪೀಟರ್ ಬೇನೆಯಿಂದ ತೀರಿಕೊಂಡನು. ಪತ್ನಿ ಡೊರೊಥಿಯವರು ಭಾರತಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕೈಗೂಸಿನೊಡನೆ ಹೊರಟು ಬಂದಿದ್ದರು. ಮಗನ ಮರಣಾನಂತರ ಅವರ ಮನಸ್ಸಿನ ಸ್ವಾಸ್ಥ್ಯ ಸಂಪೂರ್ಣವಾಗಿ ಕೆಟ್ಟಿತು. 1807ರಲ್ಲಿ ನಿಧನರಾಗುವವರೆಗೂ ಅವರು ಗುಣಮುಖರಾಗಲಿಲ್ಲ. ಕೇರಿಯವರ ಸಾಧನೆಯನ್ನು ವರ್ಣಿಸುವ ಪುಸ್ತಕಗಳು ಈ ಸಂಗತಿಯನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದುಂಟು. ಆ ಸಾಧನೆಯ ಬೆಲೆಯ ಬಹುಪಾಲನ್ನು ತೆತ್ತವರು ಈ ತಾಯಿಯೇ ಎಂಬುದನ್ನು ಮರೆಯಲಾಗದು.

ಆ ಕಾಲದಲ್ಲಿ ಬರೆದ ದಿನಚರಿಯಲ್ಲಿ ಕೇರಿಯವರು ತಮ್ಮ ನಿರುತ್ಸಾಹವನ್ನು ಮುಚ್ಚಿಟ್ಟಿಲ್ಲ. ತಾವು ಒಂಟಿ, ತಮ್ಮ ಮನಸ್ಸು ಜಡವಾಗಿದೆ, ಪ್ರಾರ್ಥನೆಯೂ ಕಷ್ಟವಾಗಿದೆ ಎಂಬ ಭಾವ ಅದರಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆದರೂ ಪ್ರಾರ್ಥನೆ ನಿಲ್ಲಲಿಲ್ಲ, ಬಂಗಾಳಿ ಅಭ್ಯಾಸವೂ ನಿಲ್ಲಲಿಲ್ಲ. ಅವರ ಬೋಧನೆಯನ್ನು ಸ್ವೀಕರಿಸಿ ಮೊದಲ ಬಂಗಾಳಿಯಾದ ಕೃಷ್ಣಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ 28ರಂದು, ಅಂದರೆ ಅವರು ಬಂದು ಏಳು ವರ್ಷಗಳ ನಂತರ.

ಅದೇ ವರ್ಷದ ಜನವರಿಯಲ್ಲಿ ಅವರು ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಶ್ರೀರಾಮಪುರಕ್ಕೆ ಬಂದು ನೆಲೆಸಿದ್ದರು. ಆಗ ಈ ಪಟ್ಟಣ ಡೆನ್ಮಾರ್ಕಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಕಂಪನಿಯ ನಿರ್ಬಂಧ ಅಲ್ಲಿಗೆ ತಾಗುತ್ತಿರಲಿಲ್ಲ. ಶಾಲೆ ನಡೆಸಿದ ಜೋಶುವಾ ಮಾರ್ಷ್‌ಮನ್ ಮತ್ತು ಮುದ್ರಣ ಬಲ್ಲ ವಿಲಿಯಂ ವಾರ್ಡ್ ಜೊತೆಗೂಡಿದರು. ಪಂಚಾನನ ಕರ್ಮಕಾರ್ ಎಂಬ ಕುಶಲಕರ್ಮಿ ಮತ್ತು ಅವರ ಅಳಿಯ ಮನೋಹರ್ ಅಚ್ಚುಮೊಳೆಗಳನ್ನು ಸಿದ್ಧಪಡಿಸಿಕೊಟ್ಟರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಅದೇ ವರ್ಷ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಕಗೊಂಡ ಕೇರಿಯವರು ತಮ್ಮ ಸಂಬಳವನ್ನು ಮಿಷನ್ನಿನ ಸಾಮೂಹಿಕ ನಿಧಿಗೆ ಜಮಾ ಮಾಡುತ್ತಿದ್ದರು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯದ ಕಾಗದದ ದಾಸ್ತಾನಿಗೆ ಬೆಂಕಿ ತಗುಲಿತು. ವಾರ್ಡ್ ಅವರು ಗಾಳಿಯಾಡದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಿಸಿ ಛಾವಣಿಯಿಂದ ನೀರು ಹೊಯ್ಯಿಸಿದರು. ಗಂಟೆಗಳ ಕಾಲ ಬೆಂಕಿ ಹತೋಟಿಯಲ್ಲಿತ್ತು. ಅಷ್ಟರಲ್ಲಿ ಯಾರೋ ತಿಳಿಯದೆ ಕಿಟಕಿಯೊಂದನ್ನು ತೆರೆದರು. ಜ್ವಾಲೆ ಇಡೀ ಕಟ್ಟಡವನ್ನು ವ್ಯಾಪಿಸಿತು. ಪ್ರಾಣಹಾನಿ ಆಗಲಿಲ್ಲ. ಕೇರಿಯವರು ಆ ದಿನ ಕಲ್ಕತ್ತೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಮಾರ್ಷ್‌ಮನ್ ಅವರೇ ಹೋಗಿ ಸುದ್ದಿ ತಿಳಿಸಿದರು. ಹೊಗೆಯಾಡುತ್ತಿದ್ದ ಅವಶೇಷಗಳ ನಡುವೆ ನಡೆಯುವಾಗ ಕೇರಿಯವರ ಕಣ್ಣಲ್ಲಿ ನೀರಿತ್ತೆಂದು ಜೊತೆಗಿದ್ದ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ.

ನಷ್ಟದ ಅಂದಾಜು ಆಗಿನ ಕಾಲಕ್ಕೆ ಸುಮಾರು 70,000 ರೂಪಾಯಿ. ಕಾಗದ, ಲೋಹ ಮತ್ತು ಕಟ್ಟಡದ ಹಾನಿಯನ್ನು ಹೀಗೆ ಲೆಕ್ಕ ಹಾಕಬಹುದು. ಆದರೆ ಹಸ್ತಪ್ರತಿಗಳ ಹಾನಿಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ನಮೂದಿಸಲು ಬರುವುದಿಲ್ಲ. ಕನ್ನಡ ಹೊಸ ಒಡಂಬಡಿಕೆಯ ಸಂಪೂರ್ಣ ಹಸ್ತಪ್ರತಿ, ತೆಲುಗು ವ್ಯಾಕರಣ, ಪಂಜಾಬಿ ವ್ಯಾಕರಣದ ಹೆಚ್ಚಿನ ಭಾಗ, ಬಂಗಾಳಿ ನಿಘಂಟಿನ ಅನೇಕ ಪುಟಗಳು, ರಾಮಾಯಣದ ಅನುವಾದದಲ್ಲಿ ಒಂದು ವರ್ಷದ ಕೆಲಸ, ಇವೆಲ್ಲ ಹೋದವು. ಸಂಸ್ಕೃತ ಮತ್ತು ಅದಕ್ಕೆ ಸಂಬಂಧಿಸಿದ ಭಾರತೀಯ ಭಾಷೆಗಳ ಬಹುಭಾಷಾ ನಿಘಂಟಿನಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ. ದಾಖಲೆಯೊಂದರ ಪ್ರತಿಗಾಗಿ ಅರ್ಜಿ ಸಲ್ಲಿಸಿ, ಮೂಲವೇ ಲಭ್ಯವಿಲ್ಲವೆಂಬ ಹಿಂಬರಹ ಪಡೆದವರಿಗೆ ಈ ನಷ್ಟದ ಸ್ವರೂಪ ಬೇಗ ಅರ್ಥವಾಗುತ್ತದೆ.

ಬೆಂಕಿಯ ನಂತರದ ಉಪದೇಶಕ್ಕೆ ಕೇರಿಯವರು 46ನೆಯ ಕೀರ್ತನೆಯ ಒಂದು ವಚನವನ್ನು ಆರಿಸಿಕೊಂಡರು. ಕೊಟ್ಟದ್ದನ್ನು ಹಿಂದೆಗೆದುಕೊಳ್ಳುವ ಅಧಿಕಾರ ದೇವರಿಗೆ ಇದೆ, ಅದಕ್ಕೆ ತಲೆಬಾಗುವುದು ತಮ್ಮ ಕರ್ತವ್ಯ ಎಂಬುದು ಅವರ ನಿಲುವು. ಇದನ್ನು ಕೈಚೆಲ್ಲಿ ಕೂರುವುದೆಂದು ಯಾರಾದರೂ ಭಾವಿಸಿದರೆ ಅವರ ಮುಂದಿನ ದಿನಗಳನ್ನು ಗಮನಿಸಬೇಕು. ಫಲವನ್ನು ದೇವರಿಗೆ ಒಪ್ಪಿಸಿದ್ದರಿಂದಲೇ ಅವರಿಗೆ ಅದೇ ಪುಟವನ್ನು ಎರಡನೆಯ ಬಾರಿ ಬರೆಯಲು ಸಾಧ್ಯವಾಯಿತೆಂದು ತೋರುತ್ತದೆ. ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯುವಾಗ ಹೆಜ್ಜೆ ಹೆಚ್ಚು ಖಚಿತವಾಗಿರುತ್ತದೆಂಬ ನಂಬಿಕೆ ಅವರಿಗಿತ್ತು.

ಅವಶೇಷಗಳನ್ನು ಕೆದಕಿದಾಗ ಅಕ್ಷರಗಳ ಉಕ್ಕಿನ ಪಡಿಯಚ್ಚುಗಳು ಸಾವಿರಾರು ಸಂಖ್ಯೆಯಲ್ಲಿ ಸುರಕ್ಷಿತವಾಗಿ ದೊರೆತವು. ಮುದ್ರಣ ಯಂತ್ರಗಳೂ ಉಳಿದಿದ್ದವು. ಕರಗಿದ್ದ ಲೋಹವನ್ನೇ ಬಳಸಿ ಮೊಳೆಗಳನ್ನು ಪುನಃ ಎರಕ ಹೊಯ್ಯಲಾಯಿತು. ಪಕ್ಕದಲ್ಲೇ ಆಗಷ್ಟೇ ತೆರವಾಗಿದ್ದ ಉಗ್ರಾಣದಲ್ಲಿ ಕೆಲಸ ಪ್ರಾರಂಭಿಸಲಾಯಿತು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಸುಮಾರು ಎರಡು ತಿಂಗಳಲ್ಲಿಯೇ ನಷ್ಟವನ್ನು ಭರಿಸುವಷ್ಟು ಹಣ ಸಂಗ್ರಹವಾಯಿತು.

ಪಂಜಾಬಿ ವ್ಯಾಕರಣ ಅದೇ 1812ರಲ್ಲಿ, ತೆಲುಗು ವ್ಯಾಕರಣ 1814ರಲ್ಲಿ, ಕನ್ನಡ ವ್ಯಾಕರಣ 1817ರಲ್ಲಿ ಪ್ರಕಟವಾದವು. ಇಂಗ್ಲಿಷಿನಲ್ಲಿ ಬರೆದು ಕನ್ನಡ ಅಕ್ಷರಗಳಲ್ಲಿ ಉದಾಹರಣೆಗಳನ್ನು ಕೊಟ್ಟಿರುವ ಈ ಪುಸ್ತಕವು ಕನ್ನಡ ಅಚ್ಚಿನ ಇತಿಹಾಸದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಒಂದು. ಬಂಗಾಳಿ ನಿಘಂಟು 1825ರಲ್ಲಿ ಪೂರ್ಣಗೊಂಡಿತು. ಈ ನಡುವೆ 1818ರಲ್ಲಿ ಶ್ರೀರಾಮಪುರ ಕಾಲೇಜು ಸ್ಥಾಪನೆಯಾಯಿತು.

ಸಂಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. 1823ರ ದಾಮೋದರ ನದಿಯ ಪ್ರವಾಹದಲ್ಲಿ, ಅವರು ಪ್ರತಿದಿನ ಏಕಾಂತ ಪ್ರಾರ್ಥನೆಗೆ ಹೋಗುತ್ತಿದ್ದ ಸಸ್ಯೋದ್ಯಾನ ನಾಶವಾಯಿತು. ಅವರು ಬೀಜ ತರಿಸಿ ಮತ್ತೆ ನೆಡಿಸಿದರು. 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ನಿಧನರಾದ ಅವರ ಸಮಾಧಿ ಅಲ್ಲಿಯೇ ಇದೆ. ಸುಟ್ಟುಹೋದ ಬಹುಭಾಷಾ ನಿಘಂಟನ್ನು ಮಾತ್ರ ಅವರಿಂದ ಪುನಃ ಸಿದ್ಧಪಡಿಸಲು ಆಗಲೇ ಇಲ್ಲ.