ಪ್ರಾಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸ್

ಈ ಮಹನೀಯರ ಹೆಸರನ್ನು ನಾನು ಮೊದಲು ಅರಿಯಲು ಕಾರಣವಾದುದು ನಮ್ಮ ರಾಗಿಯ ಹೊಲ. ಅದು ಹೇಗೆಂಬುದನ್ನು ಹೇಳಿ ಮುಂದುವರಿಯುತ್ತೇನೆ.

ಕಳೆದ ವರ್ಷ ಮಳೆ ಕೈಕೊಟ್ಟು ನಮ್ಮ ಕಡೆಯ ಬೆಳೆ ಅರ್ಧಕ್ಕರ್ಧ ಒಣಗಿತ್ತು. ಬೆಳೆ ವಿಮೆಯ ಲೆಕ್ಕಕ್ಕಾಗಿ ಬೆಳೆ ಕಟಾವು ಪ್ರಯೋಗ ಮಾಡಲು ನೌಕರರಿಬ್ಬರು ಊರಿಗೆ ಬಂದರು. ಅವರ ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರೂ ಇತ್ತು. ತಂದೆಯವರು ತೆನೆ ಜೊಳ್ಳಾಗಿದ್ದ ದಿಬ್ಬದ ಕಡೆಯನ್ನು ತೋರಿಸಿ, ಅಲ್ಲಿಯೇ ಕೊಯ್ದು ನೋಡಬೇಕೆಂದು ಕೇಳಿಕೊಂಡರು. ಬಂದವರು ಒಪ್ಪಲಿಲ್ಲ. ಹೊಲದ ಮೂಲೆಯಿಂದ ತಮ್ಮ ಪಟ್ಟಿಯಲ್ಲಿದ್ದ ಸಂಖ್ಯೆಯಷ್ಟು ಹೆಜ್ಜೆಗಳನ್ನು ಎಣಿಸಿ, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚೌಕಕ್ಕೆ ಗೂಟ ನೆಟ್ಟರು. ಅದು ಬಿದ್ದುದು ನೀರು ನಿಲ್ಲುವ ತಗ್ಗಿನಲ್ಲಿ. ಇಡೀ ಹೊಲದಲ್ಲಿ ಅಷ್ಟು ಚೆನ್ನಾಗಿ ಬಂದಿದ್ದ ಜಾಗ ಮತ್ತೊಂದಿರಲಿಲ್ಲ. ತಂದೆಯವರು ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಕಾಲೇಜಿಗೆ ಹಿಂದಿರುಗಿದ ಮೇಲೆ ಸಂಖ್ಯಾಶಾಸ್ತ್ರದ ಅಧ್ಯಾಪಕರಲ್ಲಿ ಈ ಸಂಗತಿಯನ್ನು ನಿವೇದಿಸಿ, ಇದು ಯಾವ ನ್ಯಾಯವೆಂದು ಕೇಳಿದೆ. ಅವರು ಸ್ವಲ್ಪ ನಕ್ಕು, ಮೊದಲು ಮಹಲನೋಬಿಸರ ಜೀವನವನ್ನು ಓದಿಕೊಂಡು ಬರುವಂತೆ ಹೇಳಿದರು. ಓದಿದೆ. ಓದಿ ತಿಳಿದುದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಶಾಂತಚಂದ್ರರು 1893ನೆಯ ಇಸವಿ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಅವರದು ಬ್ರಹ್ಮಸಮಾಜದ ಮನೆತನ. ಅವರ ತಾತ ಗುರುಚರಣರು ಸಮಾಜದ ವಿರೋಧವನ್ನು ಲೆಕ್ಕಿಸದೆ ವಿಧವೆಯೊಬ್ಬರನ್ನು ವಿವಾಹವಾದವರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಹತ್ತು ಜನ ಹೇಳಿದುದನ್ನೇ ತಾನೂ ಹೇಳುವ ಅಭ್ಯಾಸ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ 1912ರಲ್ಲಿ ಪದವೀಧರರಾದರು. ಜಗದೀಶಚಂದ್ರ ಬೋಸರೂ ಪ್ರಫುಲ್ಲಚಂದ್ರ ರಾಯರೂ ಅಲ್ಲಿ ಅವರ ಗುರುಗಳಾಗಿದ್ದರು.

1913ರಲ್ಲಿ ಲಂಡನ್ನಿನಲ್ಲಿ ಓದಬೇಕೆಂದು ಇಂಗ್ಲೆಂಡಿಗೆ ಹೋದರು. ಒಂದು ದಿನ ಕೇಂಬ್ರಿಡ್ಜನ್ನು ನೋಡಿಬರಲು ಹೋಗಿ, ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಸೌಂದರ್ಯಕ್ಕೆ ಮನಸೋತು, ಲಂಡನ್ನಿಗೆ ಹೋಗುವ ಕೊನೆಯ ರೈಲನ್ನು ತಪ್ಪಿಸಿಕೊಂಡರು. ಆ ರಾತ್ರಿ ತಂಗಿದ ಮಿತ್ರನ ಸಲಹೆಯಂತೆ ಆ ಕಾಲೇಜಿಗೇ ಅರ್ಜಿ ಹಾಕಿ ಸೇರಿಬಿಟ್ಟರು. ರೈಲು ತಪ್ಪಿದುದಕ್ಕಾಗಿ ನಾವು ಎಷ್ಟೋ ಸಲ ಹಳಿದುಕೊಳ್ಳುತ್ತೇವೆ. ಅವರ ಜೀವನದಲ್ಲಿ ಅದೇ ಒಂದು ಭಾಗ್ಯವಾಯಿತು.

ಕೇಂಬ್ರಿಡ್ಜಿನಲ್ಲಿ ಅವರಿಗೆ ಶ್ರೀನಿವಾಸ ರಾಮಾನುಜನ್ನರ ಸ್ನೇಹ ದೊರೆಯಿತು. ಚಳಿಯಲ್ಲಿ ನಡುಗುತ್ತ, ಕೋಟು ತೊಟ್ಟುಕೊಂಡೇ ಮಲಗುತ್ತಿದ್ದ ಆ ಗಣಿತ ಪ್ರತಿಭೆಗೆ, ಮಂಚದ ಮೇಲೆ ಬಿಗಿಯಾಗಿ ಹಾಸಿದ್ದ ಕಂಬಳಿಗಳು ಹೊದೆಯುವುದಕ್ಕಾಗಿ ಇವೆಯೆಂಬುದು ತಿಳಿದಿರಲಿಲ್ಲ. ಕಂಬಳಿಗಳನ್ನು ಬಿಡಿಸಿ, ಅವುಗಳ ಒಳಗೆ ಸೇರಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟವರು ಮಹಲನೋಬಿಸರು. ಮಹಾಪುರುಷರ ಜೀವನದಲ್ಲಿ ಇಂತಹ ಸಣ್ಣ ಸಂಗತಿಗಳೇ ನನಗೆ ಹೆಚ್ಚು ಹಿಡಿಸುತ್ತವೆ.

1915ರಲ್ಲಿ ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಊರಿಗೆ ಹೊರಟಾಗ, ಯುದ್ಧದ ದೆಸೆಯಿಂದ ಹಡಗು ಕೆಲವು ದಿನ ತಡವಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಹೊತ್ತು ಕಳೆಯುತ್ತಿದ್ದ ಅವರಿಗೆ ಮೆಕಾಲೆ ಎಂಬ ಅಧ್ಯಾಪಕರು ಬಯೋಮೆಟ್ರಿಕ ಎಂಬ ಸಂಖ್ಯಾಶಾಸ್ತ್ರದ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅವುಗಳನ್ನು ಕೊಂಡುಕೊಂಡು ಹಡಗಿನಲ್ಲಿ ಓದುತ್ತಲೇ ಬಂದರು. ರಜೆಗೆಂದು ಬಂದವರು ಹಿಂದಿರುಗಲಿಲ್ಲ. ಅಧ್ಯಾಪಕರ ಅಭಾವವಿದ್ದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಲು ನಿಂತರು. ಅದು ನಮ್ಮದರಂತೆಯೇ ಒಂದು ಸರ್ಕಾರಿ ಕಾಲೇಜು. ಮೂರು ದಶಕಗಳಿಗೂ ಮೀರಿ ಅಲ್ಲಿಯೇ ಇದ್ದು, 1945ರಿಂದ 1948ರವರೆಗೆ ಅದರ ಪ್ರಿನ್ಸಿಪಾಲರೂ ಆಗಿದ್ದರು. ತರಗತಿಯಲ್ಲಿ ಬೋಧಿಸಿದುದು ಭೌತಶಾಸ್ತ್ರ; ಮನಸ್ಸು ನಟ್ಟುದು ಸಂಖ್ಯಾಶಾಸ್ತ್ರದಲ್ಲಿ.

ಸಂಖ್ಯೆಗಳಿಗೂ ನೆಲಕ್ಕೂ ಇರುವ ಸಂಬಂಧವನ್ನು ಅವರು ಮೊದಲು ಕಂಡುದು ನದಿಗಳಲ್ಲಿ. 1926ರಲ್ಲಿ ಒರಿಸ್ಸದ ಬ್ರಾಹ್ಮಣಿ ನದಿ ಉಕ್ಕಿ ಭಾರಿ ನಷ್ಟವಾಯಿತು. ನದಿಯ ಪಾತ್ರ ಹೂಳು ತುಂಬಿ ಮೇಲೆದ್ದಿದೆ, ಆದುದರಿಂದ ದಡದ ಒಡ್ಡುಗಳನ್ನು ಎತ್ತರಿಸಬೇಕು ಎಂಬುದು ಇಂಜಿನಿಯರರ ಅಭಿಪ್ರಾಯವಾಗಿತ್ತು. ಮಹಲನೋಬಿಸರು ಸುಮಾರು ಅರವತ್ತು ವರ್ಷಗಳ ಮಳೆ ಮತ್ತು ನೀರಿನ ಮಟ್ಟದ ಅಂಕಿಗಳನ್ನು ಕಲೆಹಾಕಿ, ಪಾತ್ರ ಏರಿಯೇ ಇಲ್ಲವೆಂದೂ, ಮೇಲಣ ಪ್ರದೇಶದಲ್ಲಿ ಬಿದ್ದ ಅಧಿಕ ಮಳೆಯೇ ಪ್ರವಾಹಕ್ಕೆ ಕಾರಣವೆಂದೂ ತೋರಿಸಿದರು. ಒಡ್ಡು ಎತ್ತರಿಸಿದ್ದರೆ ಹಣವೂ ಹೋಗುತ್ತಿತ್ತು, ನೀರೂ ನಿಲ್ಲುತ್ತಿರಲಿಲ್ಲ.

1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಹುಟ್ಟಿತು. ಅದರ ಕಾರ್ಯಸ್ಥಾನ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿದ್ದ ಅವರ ಪ್ರಯೋಗಶಾಲೆಯೇ. 1933ರಲ್ಲಿ 'ಸಾಂಖ್ಯ' ಪತ್ರಿಕೆ ಹೊರಟಿತು. 1936ರಲ್ಲಿ ಅವರು ತಮ್ಮ ಹೆಸರಿನಿಂದಲೇ ಇಂದು ಲೋಕಪ್ರಸಿದ್ಧವಾಗಿರುವ 'ದೂರ'ವನ್ನು ನಿರೂಪಿಸಿದರು. ಎರಡು ಜನಸಮುದಾಯಗಳು ಒಂದಕ್ಕೊಂದು ಎಷ್ಟು ಸಮೀಪವೆಂದು ಹಲವು ಅಳತೆಗಳಿಂದ ಹೇಳುವುದು ಹೇಗೆ? ಎತ್ತರವಿರುವವನಿಗೆ ತೋಳೂ ಉದ್ದವಾಗಿಯೇ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಕೂಡಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಅಳತೆಗಳ ನಡುವಣ ಈ ನಂಟನ್ನು ಕಳೆದು ನಿಜವಾದ ಅಂತರವನ್ನು ಹೇಳುವುದೇ ಮಹಲನೋಬಿಸ್ ದೂರ. ಇಂದು ಉಪಗ್ರಹದ ಚಿತ್ರದಲ್ಲಿ ಇದು ಕಾಡು, ಇದು ಗದ್ದೆ ಎಂದು ವಿಂಗಡಿಸುವವರೂ ಇದನ್ನು ಬಳಸುತ್ತಾರೆ.

ಇನ್ನು ನಮ್ಮ ಹೊಲದ ವಿಷಯಕ್ಕೆ ಬರೋಣ. ಬಂಗಾಳದ ಮುಖ್ಯ ವಾಣಿಜ್ಯ ಬೆಳೆ ಸೆಣಬು. ಅದು ಎಷ್ಟು ಎಕರೆಯಲ್ಲಿ ಬೆಳೆದಿದೆ, ಎಷ್ಟು ಇಳುವರಿ ಬರುತ್ತದೆ ಎಂಬುದು ನಿಖರವಾಗಿ ಯಾರಿಗೂ ತಿಳಿದಿರಲಿಲ್ಲ. 1937ರಲ್ಲಿ ಮಹಲನೋಬಿಸರು ಮಾದರಿ ಸಮೀಕ್ಷೆಯನ್ನು ಆರಂಭಿಸಿದರು. ನಕ್ಷೆಯ ಮೇಲೆ ಮನಬಂದಂತಲ್ಲದೆ, ಯಾದೃಚ್ಛಿಕ ಸಂಖ್ಯೆಗಳ ಆಧಾರದಿಂದ ಚುಕ್ಕೆಗಳನ್ನಿಟ್ಟು, ಆ ಚುಕ್ಕೆ ಬಿದ್ದ ಜಾಗಕ್ಕೇ ಹೋಗಿ ನೋಡುವುದು ಇದರ ಕ್ರಮ.

ನಮ್ಮ ಮನೆಗಳಲ್ಲಿ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುತ್ತಾರೆ. ಪಾತ್ರೆಯ ನೀರು ಕುದಿಯುವಾಗ ಎಲ್ಲ ಅಗುಳೂ ಒಂದೇ ಸಮನೆ ಬೇಯುವುದರಿಂದ ಅಲ್ಲಿ ಒಂದೇ ಅಗುಳು ಸಾಕು. ಆದರೆ ನೆಲ ಕುದಿಯುವ ಪಾತ್ರೆಯಲ್ಲ. ಅಕ್ಕಪಕ್ಕದ ಹೊಲಗಳು ಒಂದನ್ನೊಂದು ಹೋಲುತ್ತವೆ. ದೂರದ ಹೊಲಗಳು ಹೋಲುವುದಿಲ್ಲ. ಆದುದರಿಂದ ಒಂದೇ ಕಡೆ ಹತ್ತು ಹೊಲಗಳನ್ನು ನೋಡಿದರೆ ಹತ್ತು ಹೊಸ ಸಂಗತಿಗಳು ತಿಳಿಯುವುದಿಲ್ಲ. ಹತ್ತು ಊರುಗಳಲ್ಲಿ ಒಂದೊಂದನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ಆದರೆ ಹತ್ತು ಊರುಗಳನ್ನು ಸುತ್ತಲು ಖರ್ಚೂ ಹೆಚ್ಚು. ಚೌಕದ ಗಾತ್ರ ಹಿಗ್ಗಿದಂತೆ ತಪ್ಪು ಎಷ್ಟು ತಗ್ಗುತ್ತದೆ, ಖರ್ಚು ಎಷ್ಟು ಏರುತ್ತದೆ ಎಂಬುದನ್ನು ಸಣ್ಣ ಪ್ರಯೋಗಗಳಿಂದ ಮೊದಲೇ ಅಳೆದು, ಕೈಯಲ್ಲಿರುವ ಹಣಕ್ಕೆ ಅತ್ಯಂತ ನಂಬುಗೆಯ ಉತ್ತರವನ್ನು ಪಡೆಯುವ ಮಾರ್ಗವನ್ನು ಅವರು ಕಂಡುಹಿಡಿದರು. ನೆಲಕ್ಕೆ ಸಂಬಂಧಿಸಿದ ಅಂಕಿಗಳ ಶಾಸ್ತ್ರವು ಇಂದು ದೊಡ್ಡ ಮರವಾಗಿ ಬೆಳೆದಿದೆ. ಅದರ ಬೇರುಗಳಲ್ಲಿ ಒಂದು ಬಂಗಾಳದ ಸೆಣಬಿನ ಹೊಲಗಳಲ್ಲಿದೆ.

ಇನ್ನೊಂದು ಜಾಣ್ಮೆಯನ್ನು ಹೇಳಲೇಬೇಕು. ಅವರು ಮಾದರಿಯನ್ನು ಎರಡು ಭಾಗ ಮಾಡಿ, ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳುಹಿಸುತ್ತಿದ್ದರು. ಎರಡು ಉತ್ತರಗಳೂ ಹೊಂದಿದರೆ ನಂಬಿಕೆ. ಹೊಂದದಿದ್ದರೆ ಎಲ್ಲಿಯೋ ತಪ್ಪಾಗಿದೆ, ಅಥವಾ ಯಾರೋ ಮನೆಯಲ್ಲಿ ಕುಳಿತು ಅಂಕಿ ತುಂಬಿದ್ದಾರೆ ಎಂದು ಅರ್ಥ. ಪ್ರತಿಯೊಂದು ಹೊಲವನ್ನೂ ಎಣಿಸಿದ ಸರ್ಕಾರಿ ಲೆಕ್ಕಕ್ಕಿಂತ, ಅದರ ಒಂದು ಸಣ್ಣ ಪಾಲಿನ ಖರ್ಚಿನಲ್ಲಿ ನಡೆದ ಈ ಮಾದರಿ ಸಮೀಕ್ಷೆಯೇ ವ್ಯಾಪಾರದ ನಿಜವಾದ ಅಂಕಿಗೆ ಹತ್ತಿರ ಬಂದಿತು. ಬಹಳ ಎಣಿಸಿದ ಮಾತ್ರಕ್ಕೆ ಸರಿಯಾಗಿ ಎಣಿಸಿದಂತಾಗುವುದಿಲ್ಲ. 1943ರ ಬಂಗಾಳದ ಕ್ಷಾಮದ ತರುವಾಯ ಹಳ್ಳಿಗಳಲ್ಲಿ ಯಾರು ನೆಲ ಕಳೆದುಕೊಂಡರು, ಯಾರು ನಿರ್ಗತಿಕರಾದರು ಎಂಬುದನ್ನೂ ಇದೇ ಕ್ರಮದಿಂದ ತಿಳಿದು ಪ್ರಕಟಿಸಿದರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ನಮ್ಮ ನಾಡಿಗೂ ಈ ಕಥೆಗೂ ಒಂದು ನಂಟಿದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1941ರಲ್ಲಿ ಮಹಲನೋಬಿಸರ ಸಂಸ್ಥೆಯನ್ನು ಸೇರಿದರು. ಮಹಲನೋಬಿಸ್ ದೂರವನ್ನು ಬಳಸಿ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಪರಿಶೀಲಿಸಲು ಕೇಂಬ್ರಿಡ್ಜಿಗೆ ಹೋದ ಅವರು, ಮುಂದೆ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.

ಸ್ವಾತಂತ್ರ್ಯಾನಂತರ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾದುದು ಇವರ ಪ್ರಯತ್ನದಿಂದ. 1956ರಲ್ಲಿ ಮೊದಲಾದ ಎರಡನೆಯ ಪಂಚವಾರ್ಷಿಕ ಯೋಜನೆಗೂ ಇವರದೇ ತಳಹದಿ. ಭಾರಿ ಕೈಗಾರಿಕೆಗೆ ಅಗ್ರಸ್ಥಾನವಿತ್ತ ಆ ಯೋಜನೆಯನ್ನು ಎಲ್ಲರೂ ಒಪ್ಪಲಿಲ್ಲ, ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಅವರು 1955ರಲ್ಲಿಯೇ ಭಿನ್ನಮತವನ್ನು ಬರೆದಿಟ್ಟರು. ಬೆಳೆ ಕಟಾವಿನಲ್ಲಿಯೂ ಇವರ ಕ್ರಮಕ್ಕೆ ಆಕ್ಷೇಪಣೆ ಬಂದಿತ್ತು. ತೀರ ಸಣ್ಣ ವೃತ್ತದಲ್ಲಿ ಕೊಯ್ದರೆ ಅಂಚಿನ ಗಿಡಗಳೂ ಒಳಗೆ ಸೇರಿಹೋಗಿ ಇಳುವರಿ ಹೆಚ್ಚಾಗಿ ಕಾಣುವುದೆಂದು ಪಿ. ವಿ. ಸುಖಾತ್ಮೆಯವರು ತೋರಿಸಿದರು. ಅದು ಸರಿಯಾದ ಮಾತು. ದೊಡ್ಡವರು ತಪ್ಪು ಮಾಡುವುದಿಲ್ಲವೆಂದು ನಾವು ಭಾವಿಸಬೇಕಾಗಿಲ್ಲ.

1968ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಪಡೆದ ಮಹಲನೋಬಿಸರು, 1972ರ ಜೂನ್ 28ರಂದು, ತಮ್ಮ ಎಪ್ಪತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ನಿಧನ ಹೊಂದಿದರು. ಅವರ ಜನ್ಮದಿನವನ್ನು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ತೋರಿಸಿದ ದಿಬ್ಬದಲ್ಲಿಯೇ ಕೊಯ್ದಿದ್ದರೆ, ಪ್ರತಿಯೊಬ್ಬ ರೈತನೂ ತನ್ನ ದಿಬ್ಬವನ್ನೇ ತೋರಿಸುತ್ತಿದ್ದನು. ಆಗ ಆ ಅಂಕಿಯನ್ನು ಯಾರೂ ನಂಬುತ್ತಿರಲಿಲ್ಲ, ನಿಜವಾಗಿ ನೊಂದ ಊರಿಗೂ ಪರಿಹಾರ ಬರುತ್ತಿರಲಿಲ್ಲ ಎಂದು ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, ಊರಿಗೆಲ್ಲ ಸರಿಹೋಗುವ ಲೆಕ್ಕ ತಮ್ಮ ಮನೆಯ ಕಣಜವನ್ನು ತುಂಬಿಸಲಿಲ್ಲವಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸರಾಸರಿಯು ಸಮುದಾಯಕ್ಕೆ ನ್ಯಾಯ ಒದಗಿಸಬಲ್ಲುದು, ಒಬ್ಬೊಬ್ಬನಿಗೂ ಒದಗಿಸಲಾರದು. ಕೆಲವೇ ಚೌಕಗಳಿಂದ ಒಂದು ಪಂಚಾಯಿತಿಯ ಭಾಗ್ಯವನ್ನು ನಿರ್ಣಯಿಸುವಾಗ ಆ ಅಂಕಿಯಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕಾದುದು ಧರ್ಮ. ಮಹಲನೋಬಿಸರು ತಮ್ಮ ಸಮೀಕ್ಷೆಗಳಲ್ಲಿ ಅದನ್ನು ತಪ್ಪದೆ ಹೇಳುತ್ತಿದ್ದರು. ಮುಂದೆ ನಮ್ಮಲ್ಲಿ ಯಾರಾದರೂ ಆ ಪಟ್ಟಿಯನ್ನು ಹಿಡಿದು ಯಾವುದೋ ಊರಿನ ಹೊಲದ ಬದುವಿನ ಮೇಲೆ ನಿಲ್ಲುವ ದಿನ ಬಂದರೆ, ಹೆಜ್ಜೆಗಳನ್ನು ಸರಿಯಾಗಿ ಎಣಿಸೋಣ; ಪಕ್ಕದಲ್ಲಿ ನಿಂತಿರುವ ರೈತನ ಮುಖವನ್ನೂ ಒಮ್ಮೆ ನೋಡೋಣ.