ಕೇಳಿ ಬರೆದ ನಕ್ಷೆ: ಕರ್ನಲ್ ಕಾಲಿನ್ ಮೆಕೆಂಜಿ

ಕಾಲಿನ್ ಮೆಕೆಂಜಿ 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಜನಿಸಿದರು. ಗಣಿತದಲ್ಲಿ ಆಸಕ್ತಿಯಿದ್ದ ಅವರು 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ ಮದ್ರಾಸಿಗೆ ಬಂದರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆ ಹಂಚಿಹೋಯಿತು. ಕೊಯಮತ್ತೂರು ಪ್ರಾಂತ್ಯದೊಡನೆ, ಇಂದು ನಮ್ಮ ಜಿಲ್ಲೆಯಲ್ಲಿರುವ ಕೊಳ್ಳೇಗಾಲವೂ ಕಂಪನಿಯ ಪಾಲಾಯಿತು. ಗುಂಡ್ಲುಪೇಟೆ, ಅರಿಕುಠಾರಗಳು ಮೈಸೂರಿನ ತೆಂಕಣ ಗಡಿಯಲ್ಲಿ ಉಳಿದವು. ಅರಿಕುಠಾರವು ಚಾಮರಾಜನಗರವಾದದ್ದು 1818ರಲ್ಲಿ. ಯಾವ ಹಳ್ಳಿ ಯಾರದು, ಅದರ ಕಂದಾಯ ಯಾರಿಗೆ ಎಂಬುದು ಆಳುವವರಿಗೆ ತಿಳಿಯಬೇಕಿತ್ತು. ಆದ್ದರಿಂದ ಮೈಸೂರು ಮೋಜಣಿಯ ಹೊಣೆ ಮೆಕೆಂಜಿಯವರಿಗೆ ಬಂತು.

ಸಮತಟ್ಟಾದ ನೆಲದಲ್ಲಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆಯುತ್ತಿದ್ದರು. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯತ್ತ ಥಿಯೋಡಲೈಟ್ ಹಿಡಿದು ಕೋನಗಳನ್ನು ಗುರುತಿಸುತ್ತಿದ್ದರು. ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆದು, ತ್ರಿಕೋನದಿಂದ ತ್ರಿಕೋನಕ್ಕೆ ಸಾಗುತ್ತಿದ್ದರು. ಹೀಗೆ ಸುಮಾರು ಹತ್ತು ವರ್ಷಗಳಲ್ಲಿ 40,000 ಚದರ ಮೈಲಿಯಷ್ಟು ನೆಲದ ಮೋಜಣಿ ನಡೆಯಿತು.

ಆದರೆ ಕೋನಮಾಪಕವು ಬೆಟ್ಟವನ್ನು ತೋರೀತೇ ಹೊರತು ಅದರ ಹೆಸರನ್ನು ಹೇಳದು. ಊರು, ಕೆರೆ, ಬೆಳೆ, ಶಾಸನ, ಐತಿಹ್ಯಗಳನ್ನು ಜನರನ್ನೇ ಕೇಳಬೇಕಿತ್ತು. ಮೆಕೆಂಜಿಯವರಿಗೆ ಇಲ್ಲಿನ ಭಾಷೆಗಳ ಮೇಲೆ ಹಿಡಿತವಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮುಂತಾದವರು ಆ ಕೆಲಸ ಮಾಡಿದರು. 1804ರಲ್ಲಿ ಮಲೆಯೂರಿನ ಕನಕಗಿರಿಯಲ್ಲಿ ಮೆಕೆಂಜಿಯವರನ್ನು ಕಂಡ ದೇವಚಂದ್ರ ಮುಂದೆ 'ರಾಜಾವಳಿ ಕಥೆ'ಯನ್ನು ರಚಿಸಿದರು.

1815ರಲ್ಲಿ ಮೆಕೆಂಜಿ ಭಾರತದ ಸರ್ವೇಯರ್ ಜನರಲ್ ಆದರು, 1821ರಲ್ಲಿ ತೀರಿಕೊಂಡರು. ಸುಮಾರು 8,000 ಶಾಸನಗಳ ಪ್ರತಿಗಳೂ 1,500ಕ್ಕೂ ಹೆಚ್ಚು ಹಸ್ತಪ್ರತಿಗಳೂ ಅವರ ಸಂಗ್ರಹದಲ್ಲಿದ್ದವು. ಆ ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯ ಕೇಳಿಕೊಂಡಾಗ, ದೇಶೀಯನಿಗೆ ಅದು ಸಾಧ್ಯವಾಗದೆಂದು ಏಷಿಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಸಂಗ್ರಹ ಇಂದಿಗೂ ಮೆಕೆಂಜಿಯವರ ಹೆಸರಿನಲ್ಲೇ ಇದೆ.

ನಕ್ಷೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಇದನ್ನು ನೆನಪಿಡಬೇಕು. ದಿಕ್ಕು, ಪ್ರಮಾಣ, ಸಂಕೇತಗಳನ್ನು ಕಲಿಸಿದ ಮೇಲೆ ಮಕ್ಕಳಿಂದ ತಮ್ಮ ಊರಿನ ನಕ್ಷೆ ಬರೆಯಿಸಿರಿ. ಹಳ್ಳ, ಗುಡ್ಡ, ಹೊಲಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ತರಲಿ; ನಕ್ಷೆಯ ಅಡಿಯಲ್ಲಿ ತಮ್ಮ ಹೆಸರಿನ ಜೊತೆಗೆ ಹೇಳಿಕೊಟ್ಟವರ ಹೆಸರನ್ನೂ ಬರೆಯಲಿ.