ಅಲ್ಫೊನ್ಸೀನಾಳ ಸೈಕಲ್ಲು

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಇಟಲಿಯ ಮಿಲಾನಿಗೆ ಹೋಗಿದ್ದೆ. ಅಳಿಯನಿಗೆ ಸೈಕಲ್ಲಿನ ಹುಚ್ಚು. ಒಂದು ಭಾನುವಾರ ನಮ್ಮನ್ನೂ ಹೊರಡಿಸಿದ. ಕೋಮೋ ಸರೋವರದ ದಂಡೆಯಲ್ಲಿರುವ ಬೆಲ್ಲಾಜಿಯೊ ಊರಿನಿಂದ ಅವನು ಸೈಕಲ್ ಮೇಲೆ, ನಾವು ತಾಯಿ ಮಗಳು ಹಿಂದೆ ಕಾರಿನಲ್ಲಿ, ಗಿಸಾಲ್ಲೊ ಎಂಬ ಬೆಟ್ಟದ ನೆತ್ತಿಗೆ ಹೊರಟೆವು. ಆಲ್ಪ್ಸ್ ಪರ್ವತಗಳ ಸೆರಗಿನಲ್ಲಿರುವ ಜಾಗ, 754 ಮೀಟರ್ ಎತ್ತರ. ಗಾಡಿಗಳ ಗದ್ದಲವಿಲ್ಲ. ಒಂದು ತಿರುವಿನಲ್ಲಿ ಕಾಡು, ಇನ್ನೊಂದು ತಿರುವಿನಲ್ಲಿ ಕೆಳಗೆ ನೀಲಿ ನೀರು. ದಾರಿಯುದ್ದಕ್ಕೂ ಏದುಸಿರು ಬಿಡುತ್ತ ಸೈಕಲ್ ತುಳಿಯುವವರು. ಅವರಲ್ಲಿ ನನ್ನ ವಯಸ್ಸಿನ ಹೆಂಗಸರೂ ಇದ್ದರು!

ಬೆಟ್ಟದ ಮೇಲೆ ಮೇರಿ ಮಾತೆಯ ಪುಟ್ಟ ಗುಡಿಯಿದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರಂತೆ. ನಮ್ಮಲ್ಲಿ ಹರಕೆ ತೀರಿದ ಮೇಲೆ ಗುಡಿಯಲ್ಲಿ ತೊಟ್ಟಿಲು ಕಟ್ಟುತ್ತೇವಲ್ಲ, ಹಾಗೆ ಅಲ್ಲಿ ಗೋಡೆಯ ಮೇಲೆ ದೊಡ್ಡ ದೊಡ್ಡ ಓಟಗಾರರ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ಪಕ್ಕದಲ್ಲೇ ಸೈಕಲ್ ಮ್ಯೂಸಿಯಂ. ಗಿಸಾಲ್ಲೊದಲ್ಲಿ ಕಾಪಾಡಿಕೊಂಡು ಬಂದಿರುವ ಸೈಕಲ್ಲುಗಳಲ್ಲಿ ಒಂದು ಹೆಣ್ಣುಮಗಳದು. ಅಳಿಯ ಆಕೆಯ ಹೆಸರು ಹೇಳಿದ: ಅಲ್ಫೊನ್ಸೀನಾ ಸ್ತ್ರಾದಾ. ಇಟಾಲಿಯನ್ ಭಾಷೆಯಲ್ಲಿ ಸ್ತ್ರಾದಾ ಎಂದರೆ ರಸ್ತೆ. ಗಂಡನ ಮನೆತನದ ಹೆಸರೇ ಹಾಗೆ ಬಂತು! ಅಂದಿನಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ.

ಅಲ್ಫೊನ್ಸೀನಾ ಹುಟ್ಟಿದ್ದು 1891ರ ಮಾರ್ಚ್ 16ರಂದು, ಮೋದೆನಾ ಊರಿನ ಹತ್ತಿರದ ಹಳ್ಳಿಯಲ್ಲಿ. ತವರಿನ ಹೆಸರು ಮೊರೀನಿ. ಕೂಲಿನಾಲಿ ಮಾಡುವ ಬಡ ಕುಟುಂಬ, ಮನೆ ತುಂಬ ಮಕ್ಕಳು. ಆಕೆಗೆ ಹತ್ತು ವರ್ಷವಿದ್ದಾಗ ಅಪ್ಪ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದ. ಹುಡುಗಿ ಅದನ್ನು ಬಿಡಲೇ ಇಲ್ಲ. ಹೊಲಿಗೆ ಕಲಿತು ನಾಲ್ಕು ಕಾಸು ಸಂಪಾದಿಸಲಿ ಎಂದು ಅಮ್ಮನ ಆಸೆ. ಮಗಳೋ, ಭಾನುವಾರ ಚರ್ಚಿಗೆ ಹೋಗುತ್ತೇನೆಂದು ಹೇಳಿ ಸುತ್ತಲ ಊರುಗಳ ಸೈಕಲ್ ಪಂದ್ಯಗಳಿಗೆ ಓಡುತ್ತಿದ್ದಳಂತೆ. ಒಂದು ಪಂದ್ಯದಲ್ಲಿ ಬಹುಮಾನವಾಗಿ ಜೀವಂತ ಹಂದಿ ಸಿಕ್ಕಿತೆಂದೂ ಹೇಳುತ್ತಾರೆ. ಊರವರು ಮಾತ್ರ ಲಂಗ ತೊಟ್ಟ ದೆವ್ವವೆಂದು ಆಡಿಕೊಂಡರು.

ಇದನ್ನು ಓದುವಾಗ ನನಗೆ ನನ್ನದೇ ನೆನಪು. ಧಾರವಾಡದಲ್ಲಿ ಅಪ್ಪನ ದೊಡ್ಡ ಸೈಕಲ್ಲಿನ ದಂಡಿಗೆಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು ನಾನು. ದೊಡ್ಡವಳಾದ ಮೇಲೆ ಅಜ್ಜಿ ಬಿಡಿಸಿದಳು. ನಾನೂ ಮಾತಾಡದೆ ಬಿಟ್ಟೆ. ಅಲ್ಫೊನ್ಸೀನಾ ಬಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಹದಿಹರೆಯದಲ್ಲೇ ಆಕೆ ತೂರಿನ್ ನಗರದ ಪಂದ್ಯಗಳಲ್ಲಿ ಹೆಸರು ಮಾಡಿದಳು. 1909ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೂ ಹೋಗಿ ಓಡಿದಳು. 1911ರಲ್ಲಿ ಗಂಟೆಗೆ 37 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತುಳಿದಳು. 1915ರಲ್ಲಿ ಲುಯಿಜಿ ಸ್ತ್ರಾದಾ ಎಂಬಾತನೊಡನೆ ಮದುವೆಯಾಯಿತು. ಅವನು ಕೊಟ್ಟ ಮದುವೆಯ ಉಡುಗೊರೆ ಏನು ಗೊತ್ತೇ? ಒಂದು ಹೊಸ ರೇಸಿಂಗ್ ಸೈಕಲ್. ಹೆಂಡತಿಯ ಆಟಕ್ಕೆ ಬೆನ್ನೆಲುಬಾಗಿ ನಿಂತ ಗಂಡ ಅವನು.

ಆಮೇಲೆ ಮೊದಲ ಮಹಾಯುದ್ಧದ ದಿನಗಳು. ಗಂಡಸರು ರಣರಂಗಕ್ಕೆ ಹೋದ್ದರಿಂದ ಓಟಗಳಿಗೆ ಜನ ಕಡಿಮೆ. ಲೊಂಬಾರ್ದಿ ಪ್ರಾಂತದ ಸುತ್ತಿನ ಓಟ ಆಗಲೂ ಹೆಸರುವಾಸಿ. ಹೆಂಗಸರು ಬರಬಾರದೆಂದು ಅದರ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಬರುವ ಹೆಂಗಸಿದ್ದಾಳೆಂದು ಯಾರಿಗೂ ಹೊಳೆದಿರಲಿಲ್ಲವೋ ಏನೋ. 1917ರ ನವೆಂಬರಿನಲ್ಲಿ ಅಲ್ಫೊನ್ಸೀನಾ ಹೆಸರು ಕೊಟ್ಟಳು. ದಾರಿ 200 ಕಿಲೋಮೀಟರಿಗೂ ಹೆಚ್ಚು. ಹಲವರು ನಡುವೆಯೇ ಕೈಬಿಟ್ಟರು. ಆಕೆ ಎಲ್ಲರಿಗಿಂತ ಕೊನೆಯ ಗುಂಪಿನಲ್ಲಿ, ಗೆದ್ದವನಿಗಿಂತ ಒಂದೂವರೆ ಗಂಟೆ ತಡವಾಗಿಯಾದರೂ ಮುಟ್ಟಿದಳು. ಮರುವರ್ಷ ಮತ್ತೆ ಬಂದಳು. ಈ ಸಲ ತಡವಾದದ್ದು ಅರ್ಧ ಗಂಟೆಗಿಂತಲೂ ಕಡಿಮೆ.

ಇಷ್ಟರಲ್ಲಿ ಮನೆಯಲ್ಲಿ ಕಷ್ಟ ಶುರುವಾಗಿತ್ತು. ಲುಯಿಜಿಗೆ ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಆಸ್ಪತ್ರೆ ಸೇರಬೇಕಾಯಿತು. ದುಡಿಯುವವಳು ಈಕೆಯೊಬ್ಬಳೇ. ಗೊತ್ತಿದ್ದ ಕಸುಬು ಸೈಕಲ್ ತುಳಿಯುವುದು.

1924ರಲ್ಲಿ ಇಟಲಿಯ ಎಲ್ಲಕ್ಕಿಂತ ದೊಡ್ಡ ಓಟವಾದ ಜಿರೊ ದಿತಾಲಿಯಾಕ್ಕೆ ದೊಡ್ಡ ತಂಡಗಳು ಬರಲಿಲ್ಲ. ಹೆಚ್ಚಿನ ಹಣಕ್ಕಾಗಿ ಜಗಳವಾಗಿತ್ತು. ಹೆಸರಾಂತ ಓಟಗಾರರಿಲ್ಲದ ಓಟವನ್ನು ನೋಡುವವರು ಯಾರು? ಅದನ್ನು ನಡೆಸುತ್ತಿದ್ದ ಕ್ರೀಡಾ ಪತ್ರಿಕೆ, ಯಾರು ಬೇಕಾದರೂ ಬನ್ನಿ, ಊಟ ವಸತಿ ನಮ್ಮದು ಎಂದು ಸಾರಿತು. ಅಲ್ಫೊನ್ಸೀನಾ ಅರ್ಜಿ ಹಾಕಿದಳು. ಪ್ರಕಟವಾದ ಪಟ್ಟಿಯಲ್ಲಿ ಹೆಸರಿನ ಕೊನೆಯ ಅಕ್ಷರ ಬಿಟ್ಟುಹೋಗಿ, ಓದುವವರಿಗೆ ಗಂಡಸೋ ಹೆಂಗಸೋ ತಿಳಿಯದಂತಾಗಿತ್ತು. ಕೈತಪ್ಪೋ ಬೇಕೆಂದೇ ಮಾಡಿದ್ದೋ, ಗುಟ್ಟಂತೂ ಬೇಗ ರಟ್ಟಾಯಿತು. ಆಕೆಯ ಸಂಖ್ಯೆ 72.

ಒಟ್ಟು 12 ಹಂತ, 3,613 ಕಿಲೋಮೀಟರ್. ಹೊರಟವರು 90 ಜನ. ಇಂದಿನ ಹಾಗೆ ನುಣ್ಣನೆಯ ರಸ್ತೆಯಲ್ಲ. ಮಣ್ಣು, ಜಲ್ಲಿ, ಮಳೆ ಬಂದರೆ ಕೆಸರು. ಗೇರ್ ಬದಲಿಸುವ ಸುಖವಿರಲಿಲ್ಲ. ಚಕ್ರ ಪಂಕ್ಚರಾದರೆ ತಾನೇ ಕೂತು ರಿಪೇರಿ ಮಾಡಿಕೊಳ್ಳಬೇಕು. ಹೆಗಲಿಗೆ ಸುತ್ತಿಕೊಂಡ ಟಯರು, ಧೂಳು ಮೆತ್ತಿದ ಮುಖ, ಮೊಣಕಾಲಿನ ತನಕದ ಚಡ್ಡಿ. ಕೆಲವರು ನಕ್ಕರು, ಹೆಚ್ಚಿನವರು ಚಪ್ಪಾಳೆ ತಟ್ಟಿದರು. ಒಂದೊಂದು ಹಂತ ಮುಗಿದ ಹಾಗೂ ಆಕೆಯನ್ನು ನೋಡಲೆಂದೇ ಜನ ಸೇರತೊಡಗಿದರು.

ಎಂಟನೆಯ ಹಂತ, ಲಾಕ್ವಿಲದಿಂದ ಪೆರೂಜಾಕ್ಕೆ, ಸುಮಾರು 300 ಕಿಲೋಮೀಟರ್. ಗಾಳಿ, ಮಳೆ. ಗುಡ್ಡದ ದಾರಿಯಲ್ಲಿ ಬಿದ್ದು ಸೈಕಲ್ಲಿನ ಹ್ಯಾಂಡಲ್ ಮುರಿಯಿತು. ದಾರಿಬದಿಯಲ್ಲಿ ಸಿಕ್ಕ ಪೊರಕೆಯ ಕೋಲನ್ನು ಹ್ಯಾಂಡಲ್ಲಿನ ಜಾಗಕ್ಕೆ ಕಟ್ಟಿಕೊಂಡು ಆಕೆ ಮುಂದೆ ಹೋದಳು. ಮನೆಗೆಲಸಕ್ಕೇ ಇರು ಎಂದು ಹೆಣ್ಣಿನ ಕೈಗೆ ಕೊಟ್ಟ ಪೊರಕೆಯನ್ನು ಹೀಗೆ ಬಳಸಿದವಳು ಬೇರೆ ಯಾರಾದರೂ ಇದ್ದಾಳೆಯೇ! ಆದರೆ ಪೆರೂಜಾ ಮುಟ್ಟುವಷ್ಟರಲ್ಲಿ ನಿಗದಿಯಾದ ಸಮಯ ಮೀರಿತ್ತು. ನಿಯಮದಂತೆ ಅಲ್ಲಿಗೆ ಮುಗಿಯಿತು.

ಪತ್ರಿಕೆಯ ನಿರ್ದೇಶಕ ಎಮಿಲಿಯೊ ಕೊಲೊಂಬೊ ಆಕೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಜನ ಬರುತ್ತಿದ್ದುದೇ ಆಕೆಗಾಗಿ ಎಂಬ ಲೆಕ್ಕವೂ ಅವನಿಗಿದ್ದೀತು. ಊಟ ವಸತಿಯ ಖರ್ಚು ಕೊಡುತ್ತೇವೆ, ಓಡಬಹುದು. ಆದರೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂದು ತೀರ್ಮಾನವಾಯಿತು. ಅಲ್ಫೊನ್ಸೀನಾ ಒಪ್ಪಿದಳು. ಅಲ್ಲಿಂದ ಮುಂದೆ ಇನ್ನೂ ನಾಲ್ಕು ಹಂತ. ಬೊಲೊನ್ಯಾದಿಂದ ಫಿಯೂಮೆಗೆ ಹೋಗುವ ಹಂತವೊಂದೇ 415 ಕಿಲೋಮೀಟರ್! ಅಲ್ಲಿ ಅಳುತ್ತಾ ಬಂದು ಮುಟ್ಟಿದವಳನ್ನು ಜನ ಹೊತ್ತು ಮೆರೆಸಿದರಂತೆ. ಜೂನ್ 1ರಂದು ಮಿಲಾನಿನಲ್ಲಿ ಓಟ ಮುಗಿಯಿತು. ಗೆದ್ದವನು ಜುಸೆಪ್ಪೆ ಎನ್ರೀಚಿ. ಪಟ್ಟಿಯಲ್ಲಿ ಉಳಿದವರು 30 ಮಂದಿ. ಅವರ ಜೊತೆ ಪಟ್ಟಿಯಲ್ಲಿಲ್ಲದ ಅಲ್ಫೊನ್ಸೀನಾಳೂ ಮಿಲಾನ್ ಸೇರಿದಳು. ಜನ ಪ್ರೀತಿಯಿಂದ ಕೊಟ್ಟ ಕಾಣಿಕೆಯ ಹಣ ಗಂಡನ ಆರೈಕೆಗೆ ಒದಗಿತು.

ಮರುವರ್ಷ ಮತ್ತೆ ಕೇಳಿದಳು. ಬೇಡವೆಂದರು. ದೊಡ್ಡ ತಂಡಗಳು ಹಿಂದಿರುಗಿದ್ದವು, ಈಕೆಯ ಅಗತ್ಯವಿರಲಿಲ್ಲ. ಆಕೆ ತನ್ನ ಪಾಡಿಗೆ ಅದೇ ದಾರಿಗಳಲ್ಲಿ ಒಂದಷ್ಟು ದೂರ ತುಳಿದಳು, ಬೇರೆ ಪಂದ್ಯಗಳಲ್ಲಿ, ಪ್ರದರ್ಶನಗಳಲ್ಲಿ ಓಡಿದಳು. ಲುಯಿಜಿ ತೀರಿಹೋದ ನಂತರ, 1950ರಲ್ಲಿ, ಹಿಂದೆ ಸೈಕಲ್ ಓಟಗಾರನಾಗಿದ್ದ ಕಾರ್ಲೊ ಮೆಸ್ಸೋರಿಯನ್ನು ಮದುವೆಯಾದಳು. ಇಬ್ಬರೂ ಮಿಲಾನಿನಲ್ಲಿ ಸೈಕಲ್ ಅಂಗಡಿ ನಡೆಸಿದರು. 1957ರಲ್ಲಿ ಅವನೂ ಹೋದ. ವಯಸ್ಸಾದ ಮೇಲೆ ಆಕೆ ಒಂದು ಮೋಟರ್ ಸೈಕಲ್ ಕೊಂಡಿದ್ದಳು.

1959ರ ಸೆಪ್ಟೆಂಬರ್ 13. ಮಿಲಾನಿನ ಉತ್ತರಕ್ಕೆ, ಆಲ್ಪ್ಸ್ ಬುಡದಲ್ಲಿರುವ ವಾರೇಸೆಯ ಮೂರು ಕಣಿವೆಗಳ ಓಟ ಎಂಬ ಸೈಕಲ್ ಪಂದ್ಯವನ್ನು ನೋಡಲು ಹೋಗಿದ್ದಳು. ಅಂದು ಸಂಜೆ ಮನೆಗೆ ಮರಳಿದ ಮೇಲೆ ಮೋಟರ್ ಸೈಕಲ್ಲಿನೊಡನೆ ಹೆಣಗುತ್ತಿದ್ದಾಗ ಎದೆ ನಿಂತಿತು. ವಯಸ್ಸು 68. ಹೆಂಗಸರಿಗೇ ಪ್ರತ್ಯೇಕವಾದ ಇಟಲಿ ಸುತ್ತಿನ ಓಟ ಶುರುವಾದದ್ದು ಅದಕ್ಕೂ 29 ವರ್ಷಗಳ ನಂತರ, 1988ರಲ್ಲಿ.

ಗೆಳತಿಯರೇ, ಪಟ್ಟಿಯಲ್ಲಿ ಹೆಸರಿಲ್ಲದೆ ನಾವೂ ಎಷ್ಟೋ ಕೆಲಸ ಮಾಡುತ್ತೇವೆ. ಸಮಾರಂಭದ ಊಟದ ಲೆಕ್ಕ, ಮಕ್ಕಳ ಪರೀಕ್ಷೆ, ಹಾಸಿಗೆ ಹಿಡಿದವರ ಸೇವೆ. ಯಾರೂ ಬರೆದಿಡುವುದಿಲ್ಲ. ಆದರೂ ಎಣಿಸುವಾಗ ನಾವಾದರೂ ಸರಿಯಾಗಿ ಎಣಿಸೋಣ. 1924ರಲ್ಲಿ ಓಟ ಮುಗಿಸಿದವರು ಎಷ್ಟು ಜನ ಎಂದು ಅಂದು ಗಿಸಾಲ್ಲೊದಿಂದ ಇಳಿಯುವಾಗ ಮಗಳು ಕೇಳಿದಳು. ಅಳಿಯ 30 ಅಂದ. ನಾನು 31 ಅಂದೆ.

ಪುಣೆಗೆ ಮರಳಿದ ಮೇಲೆ ಒಂದು ಸೈಕಲ್ ಕೊಂಡಿದ್ದೇನೆ. ಬೆಳಗ್ಗೆ ಆರಕ್ಕೆ ನಮ್ಮ ಸೊಸೈಟಿಯ ಒಳಗೇ ನಾಲ್ಕು ಸುತ್ತು. ಬರುವವರು ಬನ್ನಿ.